ಅಡಲ್ಟ್ ಕೋರ್ಸಿನ ಫಂಡಿಂಗ್: ನಾನು ದಾಖಲೆ ನೋಡುವ ರೀತಿ

ಇಂಗ್ಲೆಂಡಿನ ಒಂದು ಕಾಲೇಜಿನಲ್ಲಿ ದೊಡ್ಡವರನ್ನು ಕೋರ್ಸಿಗೆ ಸೇರಿಸಿಕೊಳ್ಳುವ ಕೆಲಸ ನನ್ನದು. ಇಲ್ಲಿ 19 ವರ್ಷ ತುಂಬಿದವರ ಓದಿಗೆ ಸರ್ಕಾರದ ಹಣ ಇದೆ. 2024ರ ಆಗಸ್ಟಿನಿಂದ ಅದರ ಹೆಸರು ಅಡಲ್ಟ್ ಸ್ಕಿಲ್ಸ್ ಫಂಡ್.

ಕೌಂಟರಿಗೆ ಬಂದವರು ಮೊದಲು ಪಾಸ್‌ಪೋರ್ಟ್ ಚಾಚುತ್ತಾರೆ. ನಾನು ಮೊದಲು ನೋಡುವುದು ಕೋರ್ಸ್ ಯಾವತ್ತು ಶುರು ಅಂತ. ಈ ಹಣ ಸಿಗಲು ಸಾಮಾನ್ಯವಾಗಿ ಹಿಂದಿನ ಮೂರು ವರ್ಷ ಇಲ್ಲೇ ವಾಸವಿದ್ದಿರಬೇಕು. ಆ ಮೂರು ವರ್ಷ ಎಣಿಸುವುದು ಅರ್ಜಿ ಹಾಕಿದ ದಿನದಿಂದಲ್ಲ, ಪಾಠ ಶುರುವಾಗುವ ದಿನದಿಂದ ಹಿಂದಕ್ಕೆ. ಹಾಗಾಗಿ ಸೆಪ್ಟೆಂಬರಿನಲ್ಲಿ ಆಗದವರಿಗೆ ಜನವರಿ ಬ್ಯಾಚಿನಲ್ಲಿ ಆಗಬಹುದು, "ಇಲ್ಲ" ಅನ್ನುವಾಗ ಆ ತಾರೀಖನ್ನೂ ಹೇಳಿಯೇ ಕಳಿಸುತ್ತೇನೆ.

ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೆ ಮುಗೀತು ಅಂದುಕೊಳ್ಳುವವರೇ ಜಾಸ್ತಿ. ಮುಗಿಯುವುದಿಲ್ಲ. ಹತ್ತು ವರ್ಷ ದುಬೈಯಲ್ಲಿದ್ದು ಹೋದ ತಿಂಗಳು ವಾಪಸ್ ಬಂದ ಬ್ರಿಟಿಷ್ ಪ್ರಜೆಗೂ ಮೂರು ವರ್ಷದ ಪ್ರಶ್ನೆ ಇದ್ದೇ ಇದೆ. ಅದೇ ನಿರಾಶ್ರಿತ ಅಂತ ಮಾನ್ಯತೆ ಸಿಕ್ಕವರಿಗೆ ಮೂರು ವರ್ಷ ಕಾಯುವ ಗೋಜಿಲ್ಲ. ಇದನ್ನು ಕೇಳಿ ಮುಖ ಸಿಂಡರಿಸುವವರೂ ಇದ್ದಾರೆ, ಆದರೆ ನಿಯಮ ಅದೇ.

ಇನ್ನೊಂದು ಗೊಂದಲ, ಇದರಿಂದ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ: ವೀಸಾದಲ್ಲಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್', ಅಂದರೆ ಸರ್ಕಾರಿ ನೆರವು ಪಡೆಯುವಂತಿಲ್ಲ ಅಂತ ಬರೆದಿರುವುದು. ಅದು ಬೆನಿಫಿಟ್ಸ್, ಕೌನ್ಸಿಲ್ ಮನೆ ಅಂಥವಕ್ಕೆ. ಕೋರ್ಸಿನ ಹಣ ಆ ಪಟ್ಟಿಯಲ್ಲಿಲ್ಲ. ಆ ಸಾಲು ಕಂಡ ಕೂಡಲೇ ಫಾರಂ ಪಕ್ಕಕ್ಕಿಡುವ ಸಿಬ್ಬಂದಿಯನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಸ್ಟೂಡೆಂಟ್ ವೀಸಾದ ಮಾತು ಬೇರೆ, ಅದರ ಮೇಲೆ ಬಂದವರಿಗೆ ಈ ಹಣ ಸಿಗುವುದಿಲ್ಲ.

ವಿದೇಶಿಯರಿಗೆ ಕೊಡುತ್ತಿದ್ದ ವಾಸದ ಪರವಾನಗಿ, ಬಿಆರ್‌ಪಿ ಕಾರ್ಡಿನ ಕಾಲ ಹೋಯಿತು, ಈಗ ಆನ್‌ಲೈನಿನಲ್ಲೇ ಇರುವ ಇ-ವೀಸಾ. ಅದನ್ನು ನಮಗೆ ತೋರಿಸಲು ಬೇಕಾದ ಶೇರ್ ಕೋಡ್ ತೆಗೆಯುವಾಗ 'ಬೇರೆ ಕಾರಣ' ಅನ್ನುವುದನ್ನು ಒತ್ತಿ ಅಂತ ಮೊದಲೇ ಹೇಳಿಬಿಡುತ್ತೇನೆ. ಆಗ ಎಸ್ ಅಕ್ಷರದಿಂದ ಶುರುವಾಗುವ ಕೋಡ್ ಬರುತ್ತದೆ. ಡಬ್ಲ್ಯೂದಿಂದ ಶುರುವಾಗುವುದು ನೌಕರಿಗೆ, ಆರ್‌ನಿಂದ ಶುರುವಾಗುವುದು ಬಾಡಿಗೆ ಮನೆಗೆ. ಕೋಡ್ ಜೊತೆ ಹುಟ್ಟಿದ ತಾರೀಖೂ ಬೇಕು. ವೀಸಾ ಮುಗಿದಿದ್ದರೆ, ಮುಗಿಯುವ ಮೊದಲೇ ಹೊಸದಕ್ಕೆ ಅರ್ಜಿ ಹಾಕಿದ್ದಾರಾ ಅಂತ ಕೇಳುತ್ತೇನೆ. ಹಾಕಿದ್ದರೆ, ತೀರ್ಮಾನ ಬರುವ ತನಕ 1971ರ ಇಮಿಗ್ರೇಶನ್ ಕಾಯ್ದೆಯ 3ಸಿ ಸೆಕ್ಷನ್ ಪ್ರಕಾರ ಹಳೆಯ ಅನುಮತಿಯೇ ಮುಂದುವರಿಯುತ್ತದೆ.

ಕಷ್ಟದ್ದು 'ಸಾಮಾನ್ಯ ವಾಸ', ಆ ಮೂರು ವರ್ಷದ ವಾಸಕ್ಕೆ ನಿಯಮದಲ್ಲಿರುವ ಹೆಸರು ಅದು. "ಮೂರು ವರ್ಷ ಇಲ್ಲೇ ಇದ್ರಾ?" ಅಂದರೆ ಎಲ್ಲರೂ ಹೌದು ಅಂತಾರೆ ಅಲ್ವಾ? ಅದಕ್ಕೆ "ಎಲ್ಲೆಲ್ಲಿ ಇದ್ರಿ, ಯಾಕೆ ಹೋದ್ರಿ, ಇಲ್ಲಿ ಮನೆ ಇಟ್ಕೊಂಡಿದ್ರಾ?" ಅಂತ ಕೇಳುತ್ತೇನೆ. ತಾಯಿಗೆ ಹುಷಾರಿಲ್ಲ ಅಂತ ಕೆಲವು ತಿಂಗಳು ಊರಿಗೆ ಹೋಗಿ ಬಂದ ಮಾತ್ರಕ್ಕೆ ವಾಸ ಕಡಿಯುವುದಿಲ್ಲ. ಈ ಸಾಮಾನ್ಯ ವಾಸದ ಅರ್ಥವನ್ನು 1982ರಲ್ಲಿ, ಆಗ ದೇಶದ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಬಿಡಿಸಿ ಹೇಳಿತು, ಅದೂ ವಿದ್ಯಾರ್ಥಿಗಳ ಗ್ರಾಂಟಿನ ಮೊಕದ್ದಮೆಯಲ್ಲೇ: ತಾವಾಗಿ ಬಂದು, ಒಂದು ಉದ್ದೇಶ ಇಟ್ಟುಕೊಂಡು, ಸದ್ಯಕ್ಕೆ ನಿತ್ಯದ ಬದುಕು ನಡೆಸುತ್ತಿರುವ ಜಾಗ. ಕಾನೂನುಬದ್ಧವಾಗಿ ಇರಬೇಕು, ಅಷ್ಟೇ.

ಕೊನೆಗೆ ಫೈಲಿನಲ್ಲಿ ಏನು ನೋಡಿದೆ, ಯಾವತ್ತು ನೋಡಿದೆ, ಯಾಕೆ ಒಪ್ಪಿದೆ ಅಂತ ಎರಡು ಸಾಲು. ಸುಮ್ನೆ ಟಿಕ್ ಹಾಕಿಟ್ಟರೆ ಆಡಿಟ್‌ನವರ ಮುಂದೆ ಬಾಯಿ ಬರುವುದಿಲ್ಲ. ಸೇರುವವರ ಮನೆಯ ಪೋಸ್ಟ್‌ಕೋಡೂ ನೋಡಿಕೊಳ್ಳಿ, ಲಂಡನ್, ಗ್ರೇಟರ್ ಮ್ಯಾಂಚೆಸ್ಟರ್ ತರಹದ ಕಡೆ ಹಣ ಹಂಚುವುದು ಅಲ್ಲಿನ ಮೇಯರ್ ಆಡಳಿತ, ಅವರ ನಿಯಮಪುಸ್ತಕವೇ ಬೇರೆ.