ಶಾಸಕರ ಸದನದ ಲೆಕ್ಕ: ಕಾಡಾನೆಯಿಂದ ಘಾಟಿ ರಸ್ತೆವರೆಗೆ

‘ಗುದ್ದಲಿ ಪೂಜೆ ಫೋಟೊ ಬಿಟ್ಟು ಶಾಸಕರ ದಾಖಲೆ ಅಂತ ಏನಿರುತ್ತೆ ಮಾರಾಯ?’ ಎಂದವರು ಹಾಸನದಲ್ಲೂ ಇದ್ದರು, ಚಿಕ್ಕಮಗಳೂರಲ್ಲೂ ಇದ್ದರು. ಆನೆ ದಾಳಿ, ಗುಡ್ಡ ಕುಸಿತದಂಥ ಸುರಕ್ಷತೆಯ ವಿಷಯದಲ್ಲಿ ಶಾಸಕರು ಏನು ಮಾಡಿದರು ಎಂಬ, ಮಲೆನಾಡು ಅಂಚಿನ ಒಂದು ಕ್ಷೇತ್ರದ 2018–23ರ ಲೆಕ್ಕ ಈಗ ಒಂದೇ ಶೀಟಿನಲ್ಲಿ ಕೂತಿದೆ, ಅಂದಾಜು 240 ಸಾಲು. ಕ್ಷೇತ್ರದ ಹೆಸರು ಬೇಡ, ದಾರಿ ಎಲ್ಲ ಕಡೆಗೂ ಒಂದೇ. ಅಂದು ನಕ್ಕವರೇ ಇಂದು ಶೀಟ್ ಕಳಿಸಿ ಅನ್ನುತ್ತಿದ್ದಾರೆ.

ಮೊದಲು ಕೆಟ್ಟದ್ದು ಮತದ ಕಾಲಂ. ಸುರಕ್ಷತೆಗೆ ಸಂಬಂಧಿಸಿದ ಯಾವ ವಿಧೇಯಕಕ್ಕೆ ಯಾರು ಹೌದು, ಯಾರು ಇಲ್ಲ ಎಂದು ಬರೆಯುವ ಆಸೆ. ನಮ್ಮಲ್ಲಿ ವಿಧೇಯಕ ಹೆಚ್ಚಾಗಿ ಧ್ವನಿಮತದಲ್ಲೇ ಮುಗಿಯುತ್ತದೆ, ಹೆಸರು ಉಳಿಯುವುದಿಲ್ಲ. ಮತಕ್ಕೆ ಹಾಕಿದರೂ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆಜ್ಞೆ) ಇರುವಾಗ ಅದು ಪಕ್ಷದ ಮತ. ಹದಿನೈದು ದಿನ ದಂಡ. ಆ ಕಾಲಂ ತೆಗೆದು ‘ಚರ್ಚೆಯಲ್ಲಿ ಮಾತಾಡಿದರೇ?’ ಎಂದು ಹಾಕಿದ ಮೇಲೆ ಸರಿಹೋಯಿತು. ಅದಕ್ಕೆ ಸದನದ ನಡಾವಳಿ ಸಾಕ್ಷಿ. ಈಗಿನ ಅವಧಿಯ ಲೆಕ್ಕ ಮಾಡುವವರು 2025ರ ಜನಸಂದಣಿ ನಿಯಂತ್ರಣ ವಿಧೇಯಕವನ್ನು ಹೀಗೆಯೇ ನೋಡಿ.

ನಿಜವಾದ ಸರಕು ಇರುವುದು ಪ್ರಶ್ನೋತ್ತರದಲ್ಲಿ. ಚುಕ್ಕೆ ಗುರುತಿನದು (ಸದನದಲ್ಲಿ ಬಾಯಿಮಾತಿನ ಉತ್ತರದ ಪ್ರಶ್ನೆ) ಪೇಪರಿಗೆ ಬರುತ್ತದೆ, ಚುಕ್ಕೆ ಗುರುತಿಲ್ಲದ್ದನ್ನು (ಬರೀ ಲಿಖಿತ ಉತ್ತರದ್ದು) ಯಾರೂ ಓದುವುದಿಲ್ಲ. ಅಂಕಿಅಂಶ ತುಂಬಿರುವುದು ಅಲ್ಲೇ. ಚುಕ್ಕೆ ಗುರುತಿನದರಲ್ಲಿ ಒಂದು ಮೋಸವಿದೆ: ಕೇಳಿದವರು ಗೈರಾಗಿದ್ದರೂ ಉತ್ತರ ಕಡತದಲ್ಲಿ ಇರುತ್ತದೆ. ನಡಾವಳಿ ತೆಗೆದು, ಉಪಪ್ರಶ್ನೆ ಕೇಳಿದ್ದಾರೆಯೇ ನೋಡಿ. ಮಂತ್ರಿಯಾಗಿದ್ದ ದಿನಗಳನ್ನು ಲೆಕ್ಕದಿಂದ ಹೊರಗಿಡಿ. ಮಂತ್ರಿ ಪ್ರಶ್ನೆ ಕೇಳುವುದಿಲ್ಲ, ಸೊನ್ನೆ ಕೊಟ್ಟರೆ ಅನ್ಯಾಯ.

ಪ್ರಶ್ನೋತ್ತರದ ಪಿಡಿಎಫ್ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿದ್ದರೆ ಕಾಪಿ ಮಾಡಿದಾಗ ಕಸ ಬರುತ್ತದೆ. ಯೂನಿಕೋಡ್‌ಗೆ ತಿರುಗಿಸಿದರೂ ಅರ್ಕಾವತ್ತು ಜಾಗ ತಪ್ಪುತ್ತದೆ, ‘ಅರಣ್ಯ’ ಸಿಕ್ಕರೂ ‘ಕಾರ್ಯಪಡೆ’ ಸಿಗುವುದಿಲ್ಲ. ಇನ್ನೊಂದು: ‘ಆನೆ’ ಎಂದು ಹುಡುಕಿದರೆ ‘ಕಾಡಾನೆ’ ಬರುವುದಿಲ್ಲ, ‘ಆ’ ಅಕ್ಷರ ‘ಡಾ’ದೊಳಗೆ ಸೇರಿಹೋಗಿರುತ್ತದೆ. ಎರಡನ್ನೂ ಹುಡುಕಿ, ಜೊತೆಗೆ ‘ವನ್ಯಪ್ರಾಣಿ’, ‘ಸಂಘರ್ಷ’. ಹೆಸರಿನ ಇನಿಷಿಯಲ್ ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ ಕ್ಷೇತ್ರದ ಹೆಸರಿನಿಂದಲೇ ಹುಡುಕುವುದು ಮೇಲು. ಸ್ಕ್ಯಾನ್ ಆದ ಅನುಬಂಧಗಳಿಗೆ ಓಸಿಆರ್ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಹಾಕಿದರೆ ಸೊನ್ನೆ ಅನುಸ್ವಾರವಾಗುತ್ತದೆ, ಲಕ್ಷ ಸಾವಿರವಾಗುತ್ತದೆ. ಪಟ್ಟಿಯ ಸಾಲು ಕದಲದಂತೆ ಬಿಡಿಸುವ ಉಪಾಯ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಅಂಕ ಕೊಟ್ಟದ್ದು ಉತ್ತರ ನೋಡಿ. ‘ಪರಿಶೀಲನೆಯಲ್ಲಿದೆ’, ‘ಅನುದಾನದ ಲಭ್ಯತೆಗನುಗುಣವಾಗಿ ಕ್ರಮವಹಿಸಲಾಗುವುದು’, ‘ಉದ್ಭವಿಸುವುದಿಲ್ಲ’: ಮೂರಕ್ಕೂ ಸೊನ್ನೆ. ಆದೇಶ ಸಂಖ್ಯೆ ಇದ್ದರೆ ಒಂದು. ಸ್ಥಳದಲ್ಲಿ ಕೆಲಸ ಕಂಡರೆ ಎರಡು. ಸಚಿವರು ಸದನದಲ್ಲಿ ಮಾತು ಕೊಟ್ಟಿದ್ದರೆ ಸರ್ಕಾರಿ ಭರವಸೆಗಳ ಸಮಿತಿಯ ವರದಿಯನ್ನೂ ತಿರುವಿ ಹಾಕಿ. ತುರ್ತು ವಿಷಯಕ್ಕೆ ಸಚಿವರ ಉತ್ತರ ಕೇಳುವ ಗಮನ ಸೆಳೆಯುವ ಸೂಚನೆ (ನಿಯಮ 73) ಬೇರೆ ಸಾಲು. ಶೂನ್ಯವೇಳೆಯ ಕೂಗಾಟಕ್ಕೆ ಅಂಕವಿಲ್ಲ. ಇದು ಬಿಗಿಯಾಯಿತು ಎಂದು ಜಗಳವಾಗಿದೆ, ಬದಲಿಸಿಲ್ಲ.

ಶ್ರೇಯಸ್ಸು ಕೊಡುವಾಗ ತಾರೀಖು ಮುಖ್ಯ. ಆನೆ ದಾಳಿಯ ಸಾವಿಗೆ ಪರಿಹಾರ 7.5 ಲಕ್ಷದಿಂದ 15 ಲಕ್ಷಕ್ಕೆ ಏರಿದ್ದು 2022ರ ಕೊನೆಯಲ್ಲಿ, ಇಡೀ ರಾಜ್ಯಕ್ಕೆ. ‘ನನ್ನ ಹೋರಾಟದ ಫಲ’ ಎನ್ನುವವರ ಪ್ರಶ್ನೆ ಅದಕ್ಕಿಂತ ಮುಂಚಿನದಾಗಿದ್ದರೆ ಮಾತ್ರ ಸಾಲು ಸೇರಿಸಿದೆ. ಸಕಲೇಶಪುರದ ಬಳಿಯ ದೋಣಿಗಾಲ್‌ನ ರಸ್ತೆ ಕುಸಿತ, ಚಾರ್ಮಾಡಿ ಘಾಟಿಯ ಗುಡ್ಡ ಕುಸಿತ ಇವೆಲ್ಲ ಕ್ರಮವಾಗಿ ರಾಷ್ಟ್ರೀಯ ಹೆದ್ದಾರಿ 75, 73ರ ಮೇಲಿನವು. ‘ಕೇಂದ್ರಕ್ಕೆ ಸಂಬಂಧಿಸಿದ್ದು’ ಎಂಬ ಉತ್ತರಕ್ಕೆ ಶಾಸಕರನ್ನು ದೂರಬೇಡಿ. ಕ್ಷೇತ್ರದ ಗಡಿಯಲ್ಲೂ ಎಡವಿದ್ದುಂಟು. ಉದಾಹರಣೆಗೆ, ಸಕಲೇಶಪುರ ಕ್ಷೇತ್ರವೆಂದರೆ ಆಲೂರು ತಾಲ್ಲೂಕು, ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯೂ ಸೇರಿದ್ದು. ತಾಲ್ಲೂಕುವಾರು ಅಂಕಿ ತಂದು ಕ್ಷೇತ್ರಕ್ಕೆ ಹಾಕಿದರೆ ಕಟ್ಟಾಯ ಹಾಸನಕ್ಕೆ ಹೋಗಿ ಕೂರುತ್ತದೆ.

ದುಡ್ಡಿನ ಭಾಗಕ್ಕೆ ಆರ್‌ಟಿಐ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಕಾಮಗಾರಿ ಪಟ್ಟಿ ಜಿಲ್ಲಾಧಿಕಾರಿ ಕಚೇರಿಯಲ್ಲಿ. ಮೊದಲ ಅರ್ಜಿಯಲ್ಲಿ ನಾಲ್ಕು ವಿಷಯ ತುರುಕಿದ್ದಕ್ಕೆ ವಾಪಸ್ ಬಂತು: ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಬಿಡಿಸಿ ಹಾಕಿದೆ, ತಲಾ 10 ರೂಪಾಯಿ, ಪುಟಕ್ಕೆ 2. ಪ್ರತಿ, ರಿಜಿಸ್ಟರ್ ಪೋಸ್ಟ್, ಬಸ್ ಚಾರ್ಜು ಎಲ್ಲ ಸೇರಿ ಮೂರು ಸಾವಿರದ ಆಸುಪಾಸು. ಅರ್ಧ ದುಡ್ಡು ಹೋದದ್ದು ಹಣ ಬಳಕೆ ಪ್ರಮಾಣಪತ್ರಗಳ ಪ್ರತಿಗೆ. ಅವುಗಳಲ್ಲಿ ಏನೂ ಇರಲಿಲ್ಲ. ‘ಕಾಮಗಾರಿವಾರು ಅಂದಾಜು, ಬಿಡುಗಡೆ, ಸ್ಥಳ’ ಎಂದು ಕೇಳಿದ್ದರೆ ಹತ್ತು ಪುಟದಲ್ಲಿ ಮುಗಿಯುತ್ತಿತ್ತು.

ನಿಧಿಯ ಕಾಮಗಾರಿ ಪಟ್ಟಿಯಲ್ಲಿ ‘ಸುರಕ್ಷತೆ’ ಎಂದರೆ ಬಹುಪಾಲು ಹೈಮಾಸ್ಟ್ ದೀಪ. ಆನೆ ತಡೆಯುವ ರೈಲ್ವೆ ಕಂಬಿಯ ಬ್ಯಾರಿಕೇಡ್ ಕಿಲೋಮೀಟರಿಗೆ ಕೋಟಿ ಮೀರುತ್ತದೆ, ಇಡೀ ವರ್ಷದ ನಿಧಿ ಸುರಿದರೂ ಎರಡು ಕಿಲೋಮೀಟರ್ ಆಗದು. ಹಾಗಾಗಿ ಆನೆ ವಿಷಯದಲ್ಲಿ ಈ ನಿಧಿ ನೋಡಿ ಶಾಸಕರನ್ನು ಅಳೆಯುವುದೇ ತಪ್ಪು. ಅರಣ್ಯ ಇಲಾಖೆಯಿಂದ ಎಷ್ಟು ಕಿತ್ತು ತಂದರು ಅನ್ನುವುದೇ ಅಳತೆ.

ನಡುವೆ ಒಂದು ಕಿತಾಪತಿ: ಊರೂರಿನ ಶಂಕುಸ್ಥಾಪನೆ ಕಲ್ಲು ಎಣಿಸಿ ಪಟ್ಟಿಗೆ ಹೋಲಿಸುವುದು. ಮೂವತ್ತು ಕಲ್ಲಿಗೆ ಬಿಟ್ಟೆ. ಒಂದೇ ರಸ್ತೆಗೆ ಎರಡು ಅವಧಿಯ ಎರಡು ಕಲ್ಲು!

ಅದಕ್ಕಿಂತ ಉಪಯೋಗಕ್ಕೆ ಬಂದದ್ದು ತಾಲ್ಲೂಕು ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನೆ) ಸಭೆಯ ನಡವಳಿ. ಅಧ್ಯಕ್ಷತೆ ಶಾಸಕರದ್ದೇ. ಜೋತುಬಿದ್ದ ವಿದ್ಯುತ್ ತಂತಿ ಎತ್ತರಿಸಿ ಎಂದು ಹಾಸನದಲ್ಲಿ ವಿದ್ಯುತ್ ಕಂಪನಿ ಸೆಸ್ಕ್‌ಗೆ, ಚಿಕ್ಕಮಗಳೂರಲ್ಲಿ ಮೆಸ್ಕಾಂಗೆ ಹೇಳಿದರೋ ಇಲ್ಲವೋ, ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ (ಹೇಳಿದ ಕೆಲಸ ಆಯಿತೇ ಎಂಬ ಉತ್ತರ) ಕೇಳಿದರೋ ಇಲ್ಲವೋ, ಅಲ್ಲಿ ಸಿಗುತ್ತದೆ. ಎರಡು ವರ್ಷದ ನಡವಳಿ ಇನ್ನೂ ಕೈಗೆ ಬಂದಿಲ್ಲ. ಆರ್‌ಟಿಐ ಉತ್ತರದ ಗಡುವು ಮೂವತ್ತು ದಿನ ಕಳೆಯಿತು, ಮೊದಲ ಮೇಲ್ಮನವಿ ಹಾಕಿಯಾಗಿದೆ.