ಗಿಲಕಿಗೆ ಸಿಇ ಗುರುತು

ನಾನು ಚನ್ನಪಟ್ಟಣದ ಅರಗಿನ ಆಟಿಕೆಗಳನ್ನು ಯುರೋಪಿಗೆ ಕಳಿಸುತ್ತೇನೆ. ಆಟಿಕೆ ಎಂದು ಮಾರಬೇಕಾದರೆ, ಅದು ಅಲ್ಲಿನ ಸುರಕ್ಷತಾ ನಿಯಮಗಳಿಗೆ ಹೊಂದುತ್ತದೆ ಅಂತ ಹೇಳುವ ಸಿಇ (CE) ಗುರುತು ಬೇಕೇ ಬೇಕು. ಅದನ್ನು ಯಾವುದೋ ಸರ್ಕಾರಿ ಕಚೇರಿ ಕೊಡುತ್ತದೆ ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಹಾಗಿಲ್ಲ. ಆಟಿಕೆ ಸುರಕ್ಷತೆಯ ಇಎನ್ 71 (EN 71) ಮಾನದಂಡದಂತೆ ಪರೀಕ್ಷೆ ಮಾಡಿಸಿ, ಆಟಿಕೆ ನಿಯಮದಂತಿದೆ ಅನ್ನುವ ಘೋಷಣಾ ಪತ್ರಕ್ಕೆ ಸಹಿ ಹಾಕಿ, ತಯಾರಕರಾದ ನಾವೇ ಗುರುತು ಹಾಕಬೇಕು. ಸುಳ್ಳಾದರೆ ಹೊಣೆಯೂ ನಮ್ಮದೇ!

ಮೊದಲು ಬಣ್ಣ ನೋಡಿ. ಆ ಮಾನದಂಡದ ಭಾಗ 3ರಲ್ಲಿ ಬಣ್ಣದಿಂದ ಸೀಸ, ಕ್ಯಾಡ್ಮಿಯಂನಂಥ ಧಾತುಗಳು ಎಷ್ಟು ಹೊರಬರುತ್ತವೆ ಅಂತ ಅಳೆಯುತ್ತಾರೆ. ಒಂದೊಂದು ಬಣ್ಣಕ್ಕೂ ಬೇರೆ ಪರೀಕ್ಷೆ, ಬೇರೆ ಖರ್ಚು. ನಾನು ಏಳು ಬಣ್ಣದ ಗಿಲಕಿ ಕಳಿಸಿ ಬಿಲ್ ನೋಡಿ ಬೆವರಿದೆ. ಈಗ ಮೂರೇ ಬಣ್ಣ. ಅರಗಿನ ಬಿಲ್ಲೆ ಯಾವ ದಿನ ಕಾಯಿಸಿದ್ದು, ಬಣ್ಣದ ಪುಡಿ ಯಾವ ಚೀಲದ್ದು ಅಂತ ಪುಸ್ತಕದಲ್ಲಿ ಬರೆದಿಡುತ್ತೇನೆ.

ಭಾಗ 1 ಗಟ್ಟಿತನದ್ದು. ಗಿಲಕಿಯ ಬಳೆಯನ್ನು 90 ನ್ಯೂಟನ್, ಅಂದರೆ ಸುಮಾರು 9 ಕೆ.ಜಿ. ಭಾರದಷ್ಟು ಬಲದಲ್ಲಿ ಎಳೆಯುತ್ತಾರೆ. ಕಳಚಿದ ಚೂರು 31.7 ಮಿ.ಮೀ. ಅಗಲದ ಕೊಳವೆಯೊಳಗೆ ಕೂತರೆ, ಕೂಸಿನ ಗಂಟಲಿಗೆ ಸಿಕ್ಕೀತು ಅಂತ ಫೇಲ್. ಆಟಿಕೆ ಮಾಡುವ ಹಸಿ ಆಲೆಮರ ಒಣಗಿ ಕುಗ್ಗಿದಾಗ ಕೀಲು ಸಡಿಲವಾಗುತ್ತದೆ. ನನ್ನ ಮೊದಲ ಮಾದರಿ ಫೇಲ್ ಆದದ್ದು ಹೀಗೇ. ‘3 ವರ್ಷದೊಳಗಿನವರಿಗಲ್ಲ’ ಅಂತ ಚೀಟಿ ಅಂಟಿಸಿ ತಪ್ಪಿಸಿಕೊಳ್ಳೋಣ ಅಂದರೆ ನಡೆಯಲ್ಲ, ಗಿಲಕಿ ಕೂಸಿನ ಸಾಮಾನೇ ಅಲ್ವಾ?

ಬೆಂಕಿಯ ಪರೀಕ್ಷೆ ಭಾಗ 2. ಮರಕ್ಕೆ ಅಷ್ಟು ತಲೆನೋವಿಲ್ಲ.

ಗುರುತು ಕನಿಷ್ಠ 5 ಮಿ.ಮೀ. ಎತ್ತರ ಇರಲಿ. ದಾಖಲೆಗಳನ್ನು 10 ವರ್ಷ ಇಟ್ಟುಕೊಳ್ಳಿ.