ಮೆನು ಆಮೇಲೆ, ಮೀನು ಮೊದಲು

ಶಿವಮೊಗ್ಗದ ವಿನೋಬನಗರದಲ್ಲಿ ನಾನು ಟೇಬಲ್ ನೋಡಿಕೊಳ್ಳುವ ಹೋಟೆಲ್ ಚಿಕ್ಕದು. ಒಂಬತ್ತು ಟೇಬಲ್. ಇಟಲಿ ಅಡುಗೆ, ಅದರಲ್ಲೂ ಸಮುದ್ರದ ಮೀನು, ಸಿಗಡಿ, ಚಿಪ್ಪು. ನಮ್ಮೂರು ಹೊಸನಗರದ ಕಡೆ. ಕೆಲಸಕ್ಕೆ ಸೇರಿದಾಗ ನನಗೂ ಸ್ಪಗೆಟ್ಟಿ ಅಂದರೆ ಉದ್ದದ ಶಾವಿಗೆ, ಅಷ್ಟೇ. ಈಗ ಬರುವವರು ಎಲ್ಲಿ ಎಡವುತ್ತಾರೆ ಅಂತ ಗೊತ್ತಾಗಿದೆ.

ಕೂತ ತಕ್ಷಣ ಮೆನು ತೆರೆಯಬೇಡಿ. "ಇವತ್ತು ಏನು ಬಂದಿದೆ?" ಅಂತ ಕೇಳಿ. ನಮಗೆ ಮೀನು ಬರುವುದು ಮಲ್ಪೆಯಿಂದ, ಆಗುಂಬೆ ಘಾಟಿ ಹತ್ತಿ, ತೀರ್ಥಹಳ್ಳಿ ಮೇಲೆ. ಮೆನುವಿನಲ್ಲಿ ಹದಿನಾಲ್ಕು ಹೆಸರಿದ್ದರೂ ಐಸ್ ಪೆಟ್ಟಿಗೆಯಲ್ಲಿ ಇರುವುದು ಮೂರ್ನಾಲ್ಕೇ. ಇಡೀ ಮೀನು ಬೇಕಿದ್ದರೆ ತಂದು ತೋರಿಸಿ ಅನ್ನಿ, ಸಂಕೋಚ ಬೇಡ. ಇಟಲಿಯವರಿಗೂ ಆ ರೂಢಿ ಇದೆ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು. ಇದನ್ನೆಲ್ಲ ಮೀನು ಮಾರ್ಕೆಟ್ಟಿಗೆ ಹೋಗುವವರಿಗೆ ನಾನು ಹೇಳಬೇಕಾ?

ಬೆಲೆಯನ್ನು ಮಾತ್ರ ಎರಡು ಸಲ ಓದಿ. ಇಡೀ ಮೀನಿಗೆ ಬರೆದಿರುವುದು 100 ಗ್ರಾಂ ಲೆಕ್ಕ. ಇಟಲಿಯಲ್ಲಿ ಇದಕ್ಕೆ 'ಎತ್ತೊ' ಅನ್ನುತ್ತಾರೆ. ಹೋದ ದೀಪಾವಳಿಗೆ ಬಂದ ಒಬ್ಬ ಹಿರಿಯರು 220 ರೂಪಾಯಿ ನೋಡಿ, ಪರವಾಗಿಲ್ಲ, ಅಗ್ಗ ಅಂದುಕೊಂಡರು. ಮೀನು 900 ಗ್ರಾಂ ಇತ್ತು. ಬಿಲ್ಲಿನಲ್ಲಿ 1,980 ನೋಡಿದಾಗಿನ ಅವರ ಮುಖ ಇನ್ನೂ ಕಣ್ಣ ಮುಂದಿದೆ. ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು. ಈಗ ತೂಕ ಹಾಕಿ, ಮೊತ್ತ ಹೇಳಿಯೇ ಒಳಗೆ ಕಳಿಸುತ್ತೇನೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ನಮ್ಮಲ್ಲಿ ಇರುವುದು ಜಾಸ್ತಿ ಫ್ರೀಜರ್ ಮಾಲು. ಆಗ ಆಂಚೊವಿ ಹಾಕಿದ ಸ್ಪಗೆಟ್ಟಿ ತಗೊಳ್ಳಿ. ಬೂತಾಯಿಗಿಂತ ಸಣ್ಣ ಮೀನನ್ನು ತಿಂಗಳುಗಟ್ಟಲೆ ಉಪ್ಪಿನಲ್ಲಿ ಮಾಗಿಸಿ ಎಣ್ಣೆಯಲ್ಲಿ ಇಟ್ಟಿರುತ್ತಾರೆ. ಒಣಮೀನು ಸುಟ್ಟುಕೊಂಡು ಗಂಜಿ ಉಂಡವರ ನಾಲಿಗೆಗೆ ಒಗ್ಗುತ್ತದೆ. ಇಲ್ಲಾಂದ್ರೆ ಮನೆಯಲ್ಲೇ ಇದ್ದು ಗದ್ದೆ ಏಡಿ ಸಾರು, ಕಡುಬು ತಿನ್ನಿ. ನಮ್ಮ ಓನರ್‌ಗೆ ಹೇಳಬೇಡಿ.

ನಾಲ್ಕು ಜನ ಬಂದರೆ ಎಲ್ಲವನ್ನೂ ಒಟ್ಟಿಗೆ ತರಿಸಬೇಡಿ. ಮೊದಲು ಕರಿದ ಬೊಂಡಾಸ್, ಅಂದರೆ ಸ್ಕ್ವಿಡ್, ಒಂದು ಪ್ಲೇಟ್, ಆಮೇಲೆ ಪಾಸ್ತಾ ಎರಡು, ಕೊನೆಗೆ ಮೀನು. ಬೊಂಡಾಸ್ ಬಂದ ಮೇಲೆ ಫೋಟೋ ತೆಗೆಯುತ್ತಾ ಕೂತರೆ ರಬ್ಬರ್ ಆಗುತ್ತದೆ.

ಪಾಸ್ತಾ ಬೆಂದಿಲ್ಲ ಅಂತ ವಾರಕ್ಕೆ ಮೂರಾದರೂ ವಾಪಸ್ ಬರುತ್ತವೆ. ಒಂದು ಎಳೆ ಕಚ್ಚಿ ನೋಡಿ. ಮಧ್ಯದಲ್ಲಿ ಸೂಜಿಮೊನೆಯಷ್ಟು ಬಿಳಿ ಕಾಣಿಸಿದರೆ ಅದೇ ಹದ, 'ಅಲ್ ದೆಂತೆ', ಹಲ್ಲಿಗೆ ಸಿಗುವ ಹಾಗೆ. ಹಲ್ಲಿನ ತೊಂದರೆ ಇರುವ ಅಜ್ಜಿ ಜೊತೆಗಿದ್ದರೆ ಮೊದಲೇ ಹೇಳಿ, ಎರಡು ನಿಮಿಷ ಜಾಸ್ತಿ ಬೇಯಿಸಿ ಕೊಡುತ್ತೇವೆ.

ಚಿಪ್ಪಿನ ಸ್ಪಗೆಟ್ಟಿ ನೋಡಿ ಸುಮ್ನೆ ಹೆದರುತ್ತಾರೆ. ಮೊದಲ ಚಿಪ್ಪಿನ ಮಾಂಸವನ್ನು ಫೋರ್ಕಿನಲ್ಲಿ ತೆಗೆದು ತಿನ್ನಿ. ಎರಡು ಹೋಳೂ ಅಂಟಿಕೊಂಡೇ ಇರುವ ಆ ಖಾಲಿ ಚಿಪ್ಪನ್ನು ಚಿಮಟದ ಹಾಗೆ ಹಿಡಿದು ಉಳಿದವುಗಳಿಂದ ಮಾಂಸ ಕೀಳಿ. ಬೆಂದರೂ ಬಾಯಿ ಬಿಡದ ಚಿಪ್ಪು ಇದ್ದರೆ ಬಲವಂತ ಮಾಡಬೇಡಿ, ಪಕ್ಕಕ್ಕಿಡಿ. ತಟ್ಟೆಯಲ್ಲಿ ಉಳಿದ ಬೆಳ್ಳುಳ್ಳಿ ಎಣ್ಣೆಯ ರಸವನ್ನು ಬ್ರೆಡ್ಡಿನಲ್ಲಿ ಒರೆಸಿ ತಿನ್ನಿ. ಅವರ ಭಾಷೆಯಲ್ಲಿ ಅದಕ್ಕೆ 'ಸ್ಕಾರ್ಪೆತ್ತಾ', ಪುಟ್ಟ ಶೂ ಅಂತ ಹೆಸರು. ನಾವು ಕಡುಬಿನಲ್ಲಿ ಸಾರು ಒರೆಸುವುದು ಮತ್ತಿನ್ನೇನು?

ಸಿಗಡಿ ಪಾಸ್ತಾಗೆ ಚೀಸ್ ಕೇಳಿದರೆ ಅಡುಗೆಯವನ ಮುಖ ಗಂಟಾಗುತ್ತದೆ. ಮೀನಿನ ಪಾಸ್ತಾಗೆ ಚೀಸ್ ಹಾಕುವ ವಾಡಿಕೆ ಅಲ್ಲಿಲ್ಲ. ಮೊದಲು ಎರಡು ತುತ್ತು ಹಾಗೇ ತಿಂದು ನೋಡಿ, ಆಮೇಲೂ ಬೇಕೆನಿಸಿದರೆ ನಾನೇ ತಂದುಕೊಡುತ್ತೇನೆ, ದುಡ್ಡು ನಿಮ್ಮದಲ್ವಾ. ಖಾರ ಸಾಲದಿದ್ದರೆ ಜೀರಿಗೆ ಮೆಣಸು ಕೇಳಿ. ಅದಕ್ಕೆ ಯಾರೂ ಮುಖ ಸಿಂಡರಿಸಲ್ಲ. ದಕ್ಷಿಣ ಇಟಲಿಯ ಕಲಾಬ್ರಿಯಾದವರೂ ಮೆಣಸಿನಕಾಯಿ ಪ್ರಿಯರೇ.

ಕೊನೆಗೆ ಮೀನು. ಮುಳ್ಳು ಬಿಡಿಸಲು ಬರದಿದ್ದರೆ ನನ್ನನ್ನು ಕರೆಯಿರಿ, ಟೇಬಲ್ ಮೇಲೇ ಬಿಡಿಸುತ್ತೇನೆ. ತಲೆ ಬೇಕಿದ್ದರೆ ಆಗಲೇ ಹೇಳಿ, ಕೆನ್ನೆಯ ಮಾಂಸ ಬಹಳ ರುಚಿ. ಹೇಳದಿದ್ದರೆ ತಲೆ ಒಳಗೆ ಹೋಗುತ್ತದೆ, ಹನ್ನೊಂದು ಗಂಟೆಗೆ ಬಾಗಿಲು ಹಾಕಿದ ಮೇಲೆ ನಮ್ಮ ಸಾರಿಗೆ.